ವಾರಸುದಾರರಿಲ್ಲದ ಇಂಟರಪ್ಟ್: ಲಿನಕ್ಸ್ ಕರ್ನಲ್‌ನ ಕಾರ್ಯಕ್ಷಮತೆ ಮಾಪನದಲ್ಲಿ ಎನ್‌ಎಂಐ ನಿರ್ವಹಣೆ

ಸಾರಾಂಶ: ಪ್ರೊಸೆಸರಿನ ಕಾರ್ಯಕ್ಷಮತೆಯನ್ನು ಅಳೆಯುವಾಗ ಕೆಲವು ಎನ್‌ಎಂಐಗಳಿಗೆ (ತಡೆಹಿಡಿಯಲಾಗದ ಇಂಟರಪ್ಟ್‌ಗಳಿಗೆ) ಕಾರಣ ಸಿಗುವುದಿಲ್ಲ. ಅವನ್ನು ನುಂಗಿಕೊಳ್ಳಲು ಲಿನಕ್ಸ್ ಬಳಸುವ ಎರಡು ವಿಧಾನಗಳನ್ನು ಈ ಲೇಖನ ಪರಿಶೀಲಿಸುತ್ತದೆ. ನುಂಗಿದ್ದರ ಲೆಕ್ಕ ಬಳಕೆದಾರರಿಗೆ ಕಾಣಬೇಕೆಂದು ವಾದಿಸುತ್ತದೆ.

1. ಸಮಸ್ಯೆಯ ಮೂಲ

ಕಾರ್ಯಕ್ಷಮತೆ ಅಳೆಯುವ ಪರ್ಫ್ ಉಪವ್ಯವಸ್ಥೆ ಲಿನಕ್ಸ್ ಸೇರಿದ್ದು 2009ರಲ್ಲಿ, 2.6.31ನೇ ಆವೃತ್ತಿಯೊಂದಿಗೆ. ಘಟನೆಗಳನ್ನು ಎಣಿಸುವ ಪ್ರೊಸೆಸರಿನ ಕೌಂಟರಿನಲ್ಲಿ ಒಂದು ಋಣಸಂಖ್ಯೆ ತುಂಬಿಟ್ಟರೆ, ಅಷ್ಟು ಘಟನೆಗಳು ನಡೆದ ಮೇಲೆ ಅದು ಉಕ್ಕಿ ಇಂಟರಪ್ಟ್ ಎಬ್ಬಿಸುತ್ತದೆ. ಎಕ್ಸ್86 ಯಂತ್ರಗಳಲ್ಲಿ ಅದು ಎನ್‌ಎಂಐ ರೂಪದಲ್ಲಿ ಬರುವುದರಿಂದ, ಉಳಿದ ಇಂಟರಪ್ಟ್‌ಗಳನ್ನು ತಡೆದಿಟ್ಟು ಓಡುವ ಕೋಡನ್ನೂ ಅಳೆಯಬಹುದು. ಆದರೆ ಯಂತ್ರಾಂಶದ ದೋಷಗಳ ಸೂಚನೆ ಬರುವುದೂ ಎನ್‌ಎಂಐಯ ಇದೇ 2ನೇ ವೆಕ್ಟರಿನ (ಇಂಟರಪ್ಟ್ ಸಂಖ್ಯೆಯ) ಮೂಲಕ. ಯಾರು ಕರೆದರೆಂದು ಎನ್‌ಎಂಐ ಹೇಳುವುದಿಲ್ಲ. ಕರ್ನಲ್ ನೋಂದಾಯಿತ ನಿರ್ವಾಹಕಗಳನ್ನು ಒಂದೊಂದಾಗಿ ಕೇಳಬೇಕು.

ಒಂದು ಎನ್‌ಎಂಐ ನಡೆಯುತ್ತಿರುವಾಗ ಇನ್ನೊಂದು ಬಂದರೆ ಪ್ರೊಸೆಸರ್ ಅದನ್ನು ಕಾಯಿಸುತ್ತದೆ. ಈ ನಡುವೆ ಮೊದಲ ನಿರ್ವಾಹಕವೇ ಉಕ್ಕಿದ ಎರಡೂ ಕೌಂಟರುಗಳನ್ನು ಸರಿಪಡಿಸಿದರೆ, ಕಾದಿದ್ದ ಎನ್‌ಎಂಐಗೆ ಕೆಲಸವೇ ಉಳಿಯದು. ಎಳೆ ಕಡಿದರೆ ತಾನೇ ನಿಲ್ಲುವ ಇಚಲಕರಂಜಿಯ ಮಗ್ಗದಲ್ಲಿ, ನೇಕಾರ ಒಂದೇ ನಿಲುಗಡೆಯಲ್ಲಿ ಎರಡು ಎಳೆ ಗಂಟು ಹಾಕಿದ ಮೇಲೂ ಮಗ್ಗ ಮತ್ತೊಮ್ಮೆ ನಿಂತಂತೆ ಇದು.

2. ಸಾಕ್ಷ್ಯವನ್ನು ನಂಬುವ ವಿಧಾನ

ಎಎಂಡಿಯ ರಾಬರ್ಟ್ ರಿಕ್ಟರ್ 2010ರಲ್ಲಿ ಇದಕ್ಕೊಂದು ಪರಿಹಾರ ಬರೆದರು. 2011ರಲ್ಲಿ ರೆಡ್ ಹ್ಯಾಟ್‌ನ ಡಾನ್ ಜಿಕಸ್ ಎನ್‌ಎಂಐ ನಿರ್ವಹಣೆಯನ್ನೇ ಪುನಾರಚಿಸಿದರು. ಈ ಪುನಾರಚನೆಯ ತರ್ಕಕ್ಕೆ ಎರಡು ಷರತ್ತುಗಳಿವೆ: ಹಿಂದಿನ ಎನ್‌ಎಂಐನಲ್ಲಿ ಒಂದಕ್ಕಿಂತ ಹೆಚ್ಚು ಘಟನೆಗಳು ಇತ್ಯರ್ಥವಾಗಿರಬೇಕು, ಎರಡೂ ಎನ್‌ಎಂಐಗಳು ಬಂದಾಗ ಪ್ರೋಗ್ರಾಮ್ ಒಂದೇ ಆದೇಶದ ವಿಳಾಸದಲ್ಲಿ ನಿಂತಿರಬೇಕು. ಆಗ ಮಾತ್ರ ಎರಡನೆಯದನ್ನು ನುಂಗಲಾಗುತ್ತದೆ. ಇಲ್ಲವಾದರೆ ಅಜ್ಞಾತ ಎನ್‌ಎಂಐ ಎಂದು ದಾಖಲಾಗುತ್ತದೆ. ಬಿಡುವಾಗಿರುವ ಪ್ರೊಸೆಸರ್ ಸದಾ ಒಂದೇ ವಿಳಾಸದಲ್ಲಿ ನಿಲ್ಲುವುದರಿಂದ, ಆ ಸ್ಥಿತಿಯಲ್ಲಿ ಹಳೆಯ ವಿಳಾಸದ ನೆನಪನ್ನು ಕರ್ನಲ್ ಅಳಿಸುತ್ತದೆ. ವಿಧಾನ ಪರಿಪೂರ್ಣವಲ್ಲ, ಆದರೆ ಪ್ರತಿ ಮೌನಕ್ಕೂ ಇಲ್ಲಿ ಒಂದು ಸಾಕ್ಷ್ಯವಿದೆ.

3. ಸಮಯವನ್ನು ನಂಬುವ ವಿಧಾನ

ಎಎಂಡಿ ಪ್ರೊಸೆಸರುಗಳಲ್ಲಿ ಕೌಂಟರ್ ಉಕ್ಕುವುದಕ್ಕೂ ಎನ್‌ಎಂಐ ತಲುಪುವುದಕ್ಕೂ ನಡುವೆ ವಿಳಂಬವಾಗಬಹುದು. ಅಷ್ಟರಲ್ಲಿ ಬೇರೊಂದು ದಾರಿಯಲ್ಲಿ ಕೌಂಟರ್ ಇತ್ಯರ್ಥವಾಗಿದ್ದರೆ ಮೇಲಿನ ಸಾಕ್ಷ್ಯ ಸಿಗುವುದಿಲ್ಲ. 2019ರಲ್ಲಿ ಟಾಮ್ ಲೆಂಡಕಿ ತಂದ ಬದಲಾವಣೆಯಂತೆ, ಕೊನೆಯ ನಿಜವಾದ ಉಕ್ಕುವಿಕೆಯಿಂದ 100 ಮಿಲಿಸೆಕೆಂಡಿನೊಳಗೆ ಬಂದ ಎನ್‌ಎಂಐಯನ್ನು ಪರ್ಫ್ ತನ್ನದೆಂದು ಒಪ್ಪಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು. ಸೆಕೆಂಡಿಗೆ 4000 ಮಾದರಿ ಸಂಗ್ರಹಿಸಿದರೆ ಎರಡು ಉಕ್ಕುವಿಕೆಗಳ ಅಂತರ 0.25 ಮಿಲಿಸೆಕೆಂಡ್. ಅಂದರೆ ಪ್ರೊಸೆಸರ್ ಕೆಲಸದಲ್ಲಿರುವವರೆಗೆ ಈ 100 ಮಿಲಿಸೆಕೆಂಡಿನ ಕಿಟಕಿ ಮುಚ್ಚುವುದೇ ಇಲ್ಲ. ಯಾವುದಾದರೂ ನಿರ್ವಾಹಕ ಒಪ್ಪಿಕೊಂಡರೆ ಕರ್ನಲ್ ಮುಂದಿನ ಹಂತಕ್ಕೆ ಹೋಗದೆ ಮರಳುತ್ತದೆ. ಯಂತ್ರಾಂಶ ದೋಷದ ಕಾರಣ ತಿಳಿಸುವ 0x61 ಪೋರ್ಟನ್ನು ಓದುವ ಹಂತ ಬರುವುದಿಲ್ಲ. ಸುಳ್ಳು ಎಚ್ಚರಿಕೆ ತಡೆಯುವ ಉಪಾಯ ನಿಜವಾದ ಎಚ್ಚರಿಕೆಯನ್ನೂ ಮುಚ್ಚಿಹಾಕಬಲ್ಲದು.

4. ಮಾಪನದ ದಾರಿ

/proc/interrupts ಕಡತದಲ್ಲಿ ಎನ್‌ಎಂಐ ಮತ್ತು ಪಿಎಂಐ (ಕಾರ್ಯಕ್ಷಮತೆ ಮಾಪನದ ಇಂಟರಪ್ಟ್) ಎಂಬ ಎರಡು ಸಾಲುಗಳಿವೆ. ಮೊದಲನೆಯದು ಬಂದ ಎಲ್ಲ ಎನ್‌ಎಂಐಗಳ ಎಣಿಕೆ. ಎರಡನೆಯದು ಕೌಂಟರ್ ನಿಜವಾಗಿ ಉಕ್ಕಿದ್ದು ಕಂಡವುಗಳದ್ದು. ಮಾಪನದ ಮೊದಲು ಮತ್ತು ನಂತರ ಓದಿ ಎರಡೂ ಸಾಲುಗಳ ಏರಿಕೆಯನ್ನು ಹೋಲಿಸಿದರೆ, ವಾರಸುದಾರರಿಲ್ಲದ ಎನ್‌ಎಂಐಗಳ ಅಂದಾಜು ಸಿಗುತ್ತದೆ. ಬೇರೆ ಮೂಲದ ಎನ್‌ಎಂಐಗಳೂ ಈ ಅಂತರದಲ್ಲಿ ಸೇರುವುದರಿಂದ ಇದು ಅಂದಾಜಷ್ಟೇ.

ಇದಕ್ಕೆ ದುಬಾರಿ ಉಪಕರಣ ಬೇಡ. ಕೊಲ್ಹಾಪುರ ಭಾಗದ ಗಡಹಿಂಗ್ಲಜದ ಕನ್ನಡ ವಿದ್ಯಾರ್ಥಿಯೂ ಒಂದು ಇಂಟೆಲ್ ಮತ್ತು ಒಂದು ಎಎಂಡಿ ಯಂತ್ರ ಇಟ್ಟುಕೊಂಡು ಈ ಪ್ರಯೋಗ ಮಾಡಬಹುದು. ವರ್ಚುವಲ್ ಯಂತ್ರ ಬೇಡ; ನೇರ ಯಂತ್ರಾಂಶವೇ ಬೇಕು.

5. ಉಪಸಂಹಾರ

ಕಾರಣ ಸಿಗದ ಇಂಟರಪ್ಟನ್ನು ನುಂಗುವುದು ಅನಿವಾರ್ಯ. ಲೆಕ್ಕವಿಲ್ಲದೆ ನುಂಗುವುದು ಅನಿವಾರ್ಯವಲ್ಲ. ಎರಡೂ ವಿಧಾನಗಳಲ್ಲಿ ನುಂಗಿದ ಎನ್‌ಎಂಐಗಳಿಗೆ /proc/interruptsನಲ್ಲಿ ಪ್ರತ್ಯೇಕ ಸಾಲು ಕೊಟ್ಟರೆ, ಯಂತ್ರದ ಹೊಣೆ ಹೊತ್ತವರು ಆ ಸಂಖ್ಯೆ ಅಸಹಜವಾಗಿ ಏರಿದ ದಿನವೇ ಯಂತ್ರಾಂಶವನ್ನು ತಪಾಸಣೆಗೆ ಒಳಪಡಿಸಬಹುದು.