ಮಂಗನ ಕಾಯಿಲೆಯ ಲಸಿಕೆ: ಒಂದು ಹೋಲಿಕೆಯ ಚರಿತ್ರೆ

ನಮ್ಮ ಅಲೆವೂರಿನಿಂದ ಮಣಿಪಾಲಕ್ಕೆ ಕೆಲವೇ ಮೈಲು ದಾರಿ. 2019ರ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗೆ ಘಟ್ಟದ ಮೇಲಿನಿಂದ ಒಬ್ಬರ ಹಿಂದೆ ಒಬ್ಬರಂತೆ ಜ್ವರದ ರೋಗಿಗಳು ಬಂದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಆಗ ಮಂಗನ ಕಾಯಿಲೆ ಹಬ್ಬಿತ್ತು. ಈ ಕಾಯಿಲೆಗೆ ಲಸಿಕೆ ಇತ್ತಲ್ಲವೇ, ಮತ್ತೆ ಹೀಗೇಕಾಯಿತು ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಸಂದೇಹ ಹಳದಿ ಜ್ವರದ್ದು. ಆದರೆ ರೋಗಿಗಳಿಂದಲೂ ಸತ್ತ ಮಂಗಗಳಿಂದಲೂ ತೆಗೆದ ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿಯಿತು.

ಈ ವೈರಸ್ ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಹಾಗಾದರೆ ಆ ಜ್ವರದ ಲಸಿಕೆ ಇಲ್ಲಿಯೂ ನಡೆಯಬೇಕಲ್ಲವೇ? ತರ್ಕ ಸರಿಯಾಗಿಯೇ ಇತ್ತು. ಅಮೆರಿಕದಲ್ಲಿ ತಯಾರಾದ ಆ ಲಸಿಕೆಯನ್ನು ಮಲೆನಾಡಿನ ಜನರಿಗೆ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಲಸಿಕೆ ಹಾಕಿಸಿಕೊಳ್ಳದವರ ಲೆಕ್ಕವನ್ನೂ ಇಡದಿದ್ದರೆ ಈ ಸೋಲು ಗೊತ್ತಾಗುತ್ತಲೇ ಇರಲಿಲ್ಲ. ಚುಚ್ಚಿಸಿಕೊಂಡವರಲ್ಲಿ ಬಹುಪಾಲು ಮಂದಿ ಹೇಗೂ ಆರೋಗ್ಯವಾಗಿಯೇ ಇರುತ್ತಿದ್ದರು, ಅದರ ಕೀರ್ತಿ ಲಸಿಕೆಗೆ ಹೋಗುತ್ತಿತ್ತು.

ಹೋಲಿಸಿ ನೋಡುವ ಈ ಕ್ರಮ ಹಳೆಯದು. ಕ್ರಿ.ಶ. 925ರ ಸುಮಾರಿಗೆ ತೀರಿಕೊಂಡ, ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ವೈದ್ಯ ಅಬೂಬಕರ್ ಅರ್ರಾಝೀಯವರು ಮಿದುಳಿನ ಉರಿಯೂತದ ಲಕ್ಷಣಗಳಿದ್ದ ಕೆಲವು ರೋಗಿಗಳ ರಕ್ತ ತೆಗೆಸಿ, ಇನ್ನು ಕೆಲವರನ್ನು ಬೇಕೆಂದೇ ಹಾಗೆಯೇ ಬಿಟ್ಟು ವ್ಯತ್ಯಾಸ ಗಮನಿಸಿದ್ದನ್ನು ಬರೆದಿಟ್ಟಿದ್ದಾರೆ. ಅವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಅವರು ಕಂಡುಕೊಂಡ ಉತ್ತರ ಇಂದು ನಿಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು. ರಕ್ತ ತೆಗೆಯುವುದು ಈ ರೋಗಕ್ಕೆ ಮದ್ದಲ್ಲ. ಎರಡು ಗುಂಪು ಇದ್ದರೆ ಸಾಲದು, ಯಾರನ್ನು ಯಾವ ಗುಂಪಿಗೆ ಹಾಕಿದರು ಎಂಬುದೂ ಮುಖ್ಯ. ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಟ್ಟರೆ ಮದ್ದು ಯಾವುದಾದರೂ ಗೆದ್ದೀತು.

ಇದಕ್ಕೆ ದಾರಿ ತೋರಿಸಿದ ಪ್ರಯೋಗಗಳಲ್ಲಿ 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕ್ಷಯರೋಗದ ಪ್ರಯೋಗ ಪ್ರಸಿದ್ಧ. 55 ರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ತೀರ್ಮಾನಿಸಲಿಲ್ಲ, ಚೀಟಿ ಎತ್ತಿದ ಹಾಗೆ ಮುಚ್ಚಿದ ಲಕೋಟೆಯೊಳಗಿನ ಕಾಗದ ತೀರ್ಮಾನಿಸಿತು. ಎಕ್ಸ್‌ರೇ ನೋಡಿದವರಿಗೂ ಅದು ಯಾವ ಗುಂಪಿನವರದ್ದೆಂದು ತಿಳಿಸಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡರು. ಮದ್ದು ಸಿಗದವರಿಗೆ ಅನ್ಯಾಯವಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿದೆ. ಆದರೆ ಆಗ ಆ ಮದ್ದು ಎಲ್ಲರಿಗೂ ಕೊಡುವಷ್ಟು ಇರಲೇ ಇಲ್ಲ.

ಈಗ ಮಲೆನಾಡಿಗೆ ಮರಳೋಣ. ಕ್ಯಾಸನೂರಿನ ವೈರಸ್ಸಿನಿಂದಲೇ ತಯಾರಿಸಿದ ಲಸಿಕೆಯನ್ನು 1990ರಿಂದ 1992ರವರೆಗೆ ರಾಜ್ಯದ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಒಂದು ಡೋಸಿನಿಂದ ಶೇ. 79.3, ಎರಡರಿಂದ ಶೇ. 93.5 ರಕ್ಷಣೆ ಎಂಬ ಲೆಕ್ಕ ಬಂತು. ಅಂದರೆ, ಲಸಿಕೆ ಇಲ್ಲದ ಒಂದು ಗುಂಪಿನಲ್ಲಿ ನೂರು ಜನ ಕಾಯಿಲೆ ಬೀಳುವಲ್ಲಿ, ಎರಡು ಡೋಸ್ ಪಡೆದ ಅಷ್ಟೇ ದೊಡ್ಡ ಗುಂಪಿನಲ್ಲಿ ಆರೇಳು ಜನ ಮಾತ್ರ. ಇಂತಹ ಅಂಕಿ ಕಂಡಾಗ ನೀವು ಕೇಳಬೇಕಾದ ಪ್ರಶ್ನೆಯೊಂದಿದೆ: ಲಸಿಕೆಯ ದಿನ ಸಾಲಿನಲ್ಲಿ ನಿಂತವರು ಯಾರು, ದರಕು, ಸೌದೆ ತರಲು ಬೆಳಿಗ್ಗೆಯೇ ಕಾಡಿಗೆ ಹೋಗಿಬಿಟ್ಟವರು ಯಾರು? ಉಣುಗು ಕಚ್ಚುವುದು ಹೆಚ್ಚಾಗಿ ಎರಡನೆಯವರಿಗೆ. ಹಾಗಿದ್ದರೆ ಲೆಕ್ಕದಲ್ಲಿ ಲಸಿಕೆ ತನ್ನ ನಿಜವಾದ ಬಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

2005ರಿಂದ 2010ರವರೆಗಿನ ದಾಖಲೆಗಳನ್ನು ಮತ್ತೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದಾಗ ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು. ಅದರ ಮೇಲೆ ಬೂಸ್ಟರ್ ಕೂಡ ಪಡೆದವರಿಗೆ ಶೇ. 82.9. ಆ ಬೂಸ್ಟರನ್ನಾದರೂ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಿತ್ತು. ನೋವಿನ ಚುಚ್ಚುಮದ್ದೆಂದು ಜನ ಹಿಂದೆ ಸರಿಯುತ್ತಿದ್ದರು. ಕೂಲಿ ಬಿಟ್ಟು ಬಂದು ತೋಳು ಊದಿಸಿಕೊಂಡು ಹೋಗುವವರನ್ನು ದೂರುವುದು ಹೇಗೆ?

ಪರಿಣಾಮ ಸಾಲದೆಂದು 2022ರಲ್ಲಿ ಈ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸದರ ಹುಡುಕಾಟ ಶುರುವಾಯಿತು. ಕಾಡಂಚಿನ ಮನೆಗಳವರಿಗೆ ಉಳಿದದ್ದು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ, ಮತ್ತು ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ ಎಂಬ ಸೂಚನೆ.