ಬಂಗಾರದ ಗೋರಿ, ಬರಿಯ ಗೋರಿ

ಬಡವ-ಬಲ್ಲಿದನೆಂಬ ಭೇದ ಮನುಷ್ಯರಲ್ಲಿ ಎಂದು ಹುಟ್ಟಿತೆಂಬುದನ್ನು ನೆಲ ಅಗೆದು ತಿಳಿಯುವುದಕ್ಕಾಗಿ ಯುರೋಪಿನ ವಿಶ್ವವಿದ್ಯಾಲಯಗಳು ಡಾಕ್ಟರೇಟಿಗೆ ಓದುವವರಿಗೆ ವರ್ಷಗಟ್ಟಲೆ ವೇತನ ಕೊಡುತ್ತವೆ. ಈ ಸಂಗತಿ ಹೇಳಿದಾಗ ನನ್ನ ಮಿತ್ರರೊಬ್ಬರು ನಕ್ಕುಬಿಟ್ಟರು. "ಅದಕ್ಕೆ ಅಗೆಯಬೇಕೇನ್ರೀ? ಐದು ಬೆರಳೂ ಒಂದೇ ಸಮನಾಗಿವೆಯೆ? ಸೃಷ್ಟಿಯ ನಿಯಮ ಅದು" ಎಂದರು. ಮಾತೇನೋ ಹಳೆಯದು, ಗೋರಿಗಳು ನುಡಿಯುವ ಸಾಕ್ಷಿ ಮಾತ್ರ ಅಷ್ಟು ಸರಳವಾಗಿಲ್ಲ.

ಬಲ್ಗೇರಿಯ ದೇಶದಲ್ಲಿ ಕಪ್ಪು ಸಮುದ್ರದ ದಡಕ್ಕೆ ವಾರ್ನಾ ಎಂಬ ಪಟ್ಟಣವಿದೆ. (ನಮ್ಮ 'ವರ್ಣ'ಕ್ಕೂ ಈ ಹೆಸರಿಗೂ ಸಂಬಂಧವಿಲ್ಲ, ಆದರೂ ಕಿವಿಗೆ ಬಿದ್ದಾಗ ಯಾಕೋ ಚುರುಕ್ಕೆನ್ನುತ್ತದೆ.) 1972ರಲ್ಲಿ ಅಲ್ಲಿ ಯಂತ್ರದಿಂದ ನೆಲ ತೋಡುತ್ತಿದ್ದ ಯುವಕನೊಬ್ಬನಿಗೆ ಮಣ್ಣಿನಲ್ಲಿ ಹಳದಿ ಹೊಳಪು ಕಂಡಿತು. ಪ್ರಾಕ್ತನ ಶಾಸ್ತ್ರಜ್ಞ ಇವಾನ್ ಇವಾನೊವ್ ಅಗೆಸಿ ನೋಡಿದಾಗ, ಕ್ರಿಸ್ತಪೂರ್ವ 4500ರ ಆಸುಪಾಸಿನ ಸ್ಮಶಾನವೊಂದು ಹೊರಬಂದಿತು. ಗೋರಿಗಳು ಸುಮಾರು 300. ಚಿನ್ನ ಸುಮಾರು 6 ಕಿಲೋಗ್ರಾಂ. ನಲವತ್ತಮೂರನೆಯ ಗೋರಿಯಲ್ಲಿ ಮಲಗಿದ್ದ ಗಂಡಸಿನ ಮೈಮೇಲೆಯೇ ಒಂದೂವರೆ ಕಿಲೋ! ಕೈಯಲ್ಲಿ ಚಿನ್ನದ ತಗಡು ಸುತ್ತಿದ ಹಿಡಿಯ ಕೊಡಲಿ, ತೋಳಿಗೆ ಕಡಗ. ನೆರೆಯ ಎಷ್ಟೋ ಗೋರಿಗಳಲ್ಲಿ ಮಡಕೆಯೋ ಕಲ್ಲಿನ ಅಲಗೋ ಇದ್ದರೆ ಹೆಚ್ಚು. ಅದಕ್ಕೆ ಹಿಂದಿನ ಕಾಲದ ಗೋರಿಗಳಲ್ಲಿ ಆ ಸೀಮೆಯಲ್ಲಿ ಇಷ್ಟು ಅಂತರ ಕಾಣದು. ಬೆರಳುಗಳು ಆಗಲೂ ಐದೇ ಇದ್ದುವಲ್ಲ!

ಇಲ್ಲಿಗೇ ಕಥೆ ಮುಗಿದಿದ್ದರೆ ವೇತನ ಕೊಟ್ಟು ಸಂಶೋಧಕರನ್ನು ಸಾಕಬೇಕಾಗಿರಲಿಲ್ಲ. ಆ ಚಿನ್ನದ ಬಹುಪಾಲು ಸಿಕ್ಕಿದ್ದು ನಾಲ್ಕೇ ಗೋರಿಗಳಲ್ಲಿ. ಆ ನಾಲ್ಕರಲ್ಲಿ ಮೂರರೊಳಗೆ ಹೆಣವೇ ಇರಲಿಲ್ಲ. ಇಲ್ಲದವನಿಗೆ ಇಷ್ಟು ಬಂಗಾರವನ್ನು ಮಣ್ಣುಪಾಲು ಮಾಡಿದವರು ಯಾರು? ಅದು ಒಬ್ಬನ ಗಳಿಕೆಯೋ, ಪದವಿಯ ಚಿಹ್ನೆಯೋ, ಊರೆಲ್ಲ ಕೂಡಿ ಸಲ್ಲಿಸಿದ ಕಾಣಿಕೆಯೋ? ರಷ್ಯದ ಸುಂಗೀರ್‌ನಲ್ಲಿ ಬೇಸಾಯವನ್ನೇ ಅರಿಯದ ಬೇಟೆಗಾರರು, 30,000 ವರ್ಷಗಳಿಗೂ ಹಿಂದೆ, ಇಬ್ಬರು ಮಕ್ಕಳನ್ನು ತಲೆಗೆ ತಲೆ ಸೇರಿಸಿ ಹೂಳುವಾಗ 10,000ಕ್ಕೂ ಹೆಚ್ಚು ದಂತದ ಮಣಿಗಳನ್ನು ಜೊತೆಗಿಟ್ಟರು. ಆ ಕಂದಮ್ಮಗಳು ಗಳಿಸಿದ್ದೇನು? ಹುಟ್ಟಿನಿಂದ ಬಂದ ಹಿರಿಮೆ ಎನ್ನುವವರಿದ್ದಾರೆ. ಮಕ್ಕಳನ್ನು ಕಳೆದುಕೊಂಡವರ ಸಂಕಟ ಎಂದರೂ ನಾನು ಒಪ್ಪಿಯೇನು. ಗೋರಿಯನ್ನು ಸಿಂಗರಿಸುವವರು ಸತ್ತವರಲ್ಲ, ಉಳಿದವರು.

ಆದ್ದರಿಂದ ಈಚಿನ ವಿದ್ವಾಂಸರು ಚಿನ್ನವನ್ನು ಬಿಟ್ಟು ಎಲುಬನ್ನು ಕೇಳುತ್ತಾರೆ; ತಿಂದ ಅನ್ನದ ಗುರುತು ಎಲುಬಿನಲ್ಲಿ ಉಳಿದಿರುತ್ತದೆ. ಮನೆಗಳ ತಳಪಾಯವನ್ನೂ ಅಳೆಯುತ್ತಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅರುವತ್ತಕ್ಕೂ ಹೆಚ್ಚು ಪ್ರಾಚೀನ ನೆಲೆಗಳ ಮನೆಗಳನ್ನು ಹೋಲಿಸಿತು. ಬೇಸಾಯ ಬಂದಮೇಲೆ ದೊಡ್ಡ ಮನೆಗೂ ಸಣ್ಣ ಮನೆಗೂ ಅಂತರ ಬೆಳೆಯಿತು. ಅದು ಅಮೆರಿಕ ಖಂಡಕ್ಕಿಂತ ಯುರೋಪು ಏಷ್ಯಗಳಲ್ಲಿ ಹೆಚ್ಚು. ಏಕೆ? ಅವರ ಊಹೆ ಎತ್ತಿನ ಮೇಲೆ ಹೋಗುತ್ತದೆ. ಅಮೆರಿಕದ ಮೂಲನಿವಾಸಿಗಳಿಗೆ ಉಳುವ ಎತ್ತು ಇರಲಿಲ್ಲ. ಜೋಡಿ ಎತ್ತಿದ್ದವನು ಹತ್ತು ಜನರ ಹೊಲ ಉತ್ತಾನು. ಇಲ್ಲದವನು ಅವನ ಬಾಗಿಲಿಗೆ ಬಂದು ನಿಂತಾನು. ಇದನ್ನು ನಮ್ಮ ಹಳ್ಳಿಯವರಿಗೆ ಯಾವ ಪ್ರೊಫೆಸರೂ ಹೇಳಿಕೊಡಬೇಕಾದ್ದಿಲ್ಲ.

ನಮ್ಮಲ್ಲಿಯೂ ಇಂಥ ಕಡತಗಳು ಬಯಲಲ್ಲೇ ಬಿದ್ದಿವೆ. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಕಲ್ಲುಗೋರಿಗಳಿವೆ. ಕೆಲವು ಆಳೆತ್ತರಕ್ಕೂ ಮೀರಿದವು: ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕಲ್ಲನ್ನು ಅಲ್ಲಿಯ ಬಂಡೆಯಿಂದಲೇ ಎಬ್ಬಿಸಿದ್ದಾರೆ. ಒಂದೊಂದನ್ನು ಸರಿಸಿ ನಿಲ್ಲಿಸಲು ಎಷ್ಟು ಜನ ಹೆಗಲು ಕೊಟ್ಟರೋ! ಯಾರಾದರೂ ವೇತನ ಕೊಟ್ಟು ನಮ್ಮ ಹುಡುಗರನ್ನು ಕಳಿಸುವುದಾದರೆ, ಚಪ್ಪಡಿಯ ಕೆಳಗೆ ಮಲಗಿದವನಿಗಿಂತ ಮೊದಲು, ಅದನ್ನು ಹೊತ್ತವರನ್ನು ಎಲ್ಲಿ ಹೂತರೆಂದು ಹುಡುಕಹೇಳುತ್ತೇನೆ.