ಗಾಡಿಯ ಜೀರ್ಣೋದ್ಧಾರ

(ಬಾನುಲಿ ಭಾಷಣ)

ಮೈಸೂರಿನಿಂದ ನಂಜನಗೂಡು, ಬೇಗೂರುಗಳನ್ನು ದಾಟಿ ದಕ್ಷಿಣಕ್ಕೆ ಬರುವ ಹೆದ್ದಾರಿ ಗುಂಡ್ಲುಪೇಟೆಯನ್ನು ಮುಟ್ಟಿದ ಮೇಲೆ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡನ್ನು ಹಾಯ್ದು ಉದಕಮಂಡಲಕ್ಕೆ ಏರುತ್ತದೆ. ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ವಯನಾಡಿಗೆ ಹೋಗಿ, ಅಲ್ಲಿಂದ ತಾಮರಶೇರಿ ಘಟ್ಟವನ್ನು ಇಳಿದು ಕಲ್ಲಿಕೋಟೆಯನ್ನು ಸೇರುತ್ತದೆ. ಪೂರ್ವಕ್ಕೆ ತೆರಕಣಾಂಬಿಯ ಮೂಲಕ ಚಾಮರಾಜನಗರದ ದಾರಿ. ಹೀಗೆ ಮೂರು ನಾಡುಗಳ ಸರಕು ಕೂಡುವ ಊರು ಗುಂಡ್ಲುಪೇಟೆ. ಆದರೆ ಈ ಊರು ರೈಲನ್ನು ಕಾಣಲಿಲ್ಲ. 1926ರಲ್ಲಿ ನಂಜನಗೂಡಿನಿಂದ ಮುಂದುವರಿದ ರೈಲು ಹಾದಿ ಚಾಮರಾಜನಗರದವರೆಗೆ ಬಂದು ನಿಂತಿತು. ಗುಂಡ್ಲುಪೇಟೆಯ ಅರಿಸಿನ, ಬಾಳೆ, ತರಕಾರಿಗಳೆಲ್ಲ ಮೊದಲು ಎತ್ತಿನ ಗಾಡಿಯನ್ನೂ ಆಮೇಲೆ ಮೋಟಾರನ್ನೂ ನಂಬಿಕೊಂಡೇ ಹೊರಗಿನ ಸಂತೆಗಳನ್ನು ಕಂಡವು. ಆದ್ದರಿಂದ ಈ ಸೀಮೆಯ ಚರಿತ್ರೆಯನ್ನು ಬರೆಯುವವರು ದೇವಾಲಯಗಳನ್ನೂ ಶಾಸನಗಳನ್ನೂ ನೋಡಿದಂತೆಯೇ ಹಳೆಯ ಮೋಟಾರು ಗಾಡಿಗಳನ್ನೂ ಒಮ್ಮೆ ನೋಡಬೇಕೆಂದು ನನ್ನ ಬಿನ್ನಹ.

ಅಂಥ ಒಂದು ಗಾಡಿ ಗುಂಡ್ಲುಪೇಟೆಯಲ್ಲಿ ನನ್ನ ಅಕ್ಕನ ಮನೆಯ ಹಿತ್ತಿಲಿನಲ್ಲಿದೆ. ಅದು 1951ರ ಷೆವರ್ಲೆ ಪಿಕಪ್ಪು. ಮುಂದೆ ಮೂವರು ಒತ್ತಿಕೊಂಡು ಕೂರಬಹುದಾದ ಕೋಣೆ, ಹಿಂದೆ ಹಲಗೆ ಹಾಸಿದ ತೆರೆದ ತೊಟ್ಟಿ. ಭಾವನವರು ಅದನ್ನು ಯಾರಿಂದಲೋ ಎರಡನೆಯ ಕೈಯಾಗಿ ಕೊಂಡು, ತಮ್ಮ ತೋಟದ ಬಾಳೆಗೊನೆಗಳನ್ನು ಅದರಲ್ಲಿ ಹೇರಿಕೊಂಡು ಬಹುಕಾಲ ಓಡಿಸಿದರು. ಈಚೆಗೆ ಅಕ್ಕನ ಮೊಮ್ಮಗ ಅದನ್ನು ಮತ್ತೆ ಹೊಸದಾಗಿಸಲು ಹೊರಟಾಗ ಮನೆಯಲ್ಲಿ ಒಂದು ವಾದ ಹುಟ್ಟಿತು. ಆ ವಾದವೇ ಈ ಭಾಷಣಕ್ಕೆ ಕಾರಣ.

ವಾದದ ಮೂಲ ಗಾಡಿಯ ಎಂಜಿನ್ನು. ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದುದು ಆರು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು. ಈಗ ಅದರಲ್ಲಿರುವುದು ಮದರಾಸಿನಲ್ಲಿ ತಯಾರಾದ ನಾಲ್ಕು ಸಿಲಿಂಡರುಗಳ ಪರ್ಕಿನ್ಸ್ ಡೀಸೆಲ್ ಎಂಜಿನ್ನು. 1975ರಲ್ಲಿ ಅದನ್ನು ಕೂಡಿಸಿದಾಗ ನಾನು ಪಕ್ಕದಲ್ಲಿ ನಿಂತು ನೋಡಿದವನು.

"ತಾತ, ಇದಕ್ಕೆ ಇದರ ಸ್ವಂತ ಎಂಜಿನ್ನೇ ಬೇಕು. ಈ ಡೀಸೆಲ್ಲು ಇರುವ ತನಕ ಇದನ್ನು ಷೆವರ್ಲೆ ಅನ್ನೋಕಾಗಲ್ಲ" ಎಂದು ಹುಡುಗ ಹೇಳಿದ. ಅವನ ಮಾತನ್ನು ತಳ್ಳಿಹಾಕುವ ಮುನ್ನ, ಆ ಎಂಜಿನ್ನು ಏಕೆ ಬದಲಾಯಿತೆಂಬುದನ್ನು ತಿಳಿಯಬೇಕು. ಅದು ಒಂದು ಮನೆಯ ಕಥೆಯಲ್ಲ.

ನಮ್ಮ ಕಡೆಯ ಮೋಟಾರುಗಳು ತಮ್ಮ ಆಹಾರವನ್ನು ಬದಲಾಯಿಸಿದ್ದು ಇದೇ ಮೊದಲಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿದರು. ಇದ್ದಿಲನ್ನು ಅರೆಬರೆಯಾಗಿ ಉರಿಸಿ, ಹೊರಬಂದ ಅನಿಲವನ್ನು ಸೋಸಿ, ಎಂಜಿನ್ನಿಗೆ ಉಣಿಸುವ ಏರ್ಪಾಡು ಅದು. ಹೊರಡುವ ಮುನ್ನ ಕ್ಲೀನರು ಕೈಯಿಂದ ತಿದಿಯ ಚಕ್ರವನ್ನು ತಿರುಗಿಸಿ ಬೆಂಕಿ ಎಬ್ಬಿಸಬೇಕಾಗಿತ್ತು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗಿತ್ತು. ಇದನ್ನು ಕಂಡ ಹಿರಿಯರು ನಗುತ್ತಲೇ ಹೇಳುತ್ತಿದ್ದರು. ಆದರೆ ಎಣ್ಣೆ ಇಲ್ಲದ ಕಾಲದಲ್ಲಿಯೂ ಗಾಡಿ ನಿಲ್ಲಬಾರದು ಎಂಬ ಹಟವನ್ನು ಆ ಒಲೆ ನಮ್ಮ ಗ್ಯಾರೇಜುಗಳಿಗೆ ಕಲಿಸಿತು. ಯುದ್ಧ ಮುಗಿದ ಮೇಲೆ ಸೈನ್ಯವು ಹರಾಜಿಗೆ ಹಾಕಿದ ಟ್ರಕ್ಕು, ಜೀಪುಗಳು 'ಡಿಸ್ಪೋಸಲ್' ಎಂಬ ಹೆಸರಿನಿಂದ ಊರೂರಿಗೆ ಬಂದು ಲಾರಿಗಳಾದವು, ಬಸ್ಸುಗಳಾದವು.

ಸ್ವಂತ ಮೋಟಾರಿನ ಕನಸೂ ಈ ನಾಡಿಗೆ ಇಲ್ಲದಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಒಲವು ಸಿಗದೆ ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. ಅಲ್ಲಿಯವರೆಗೆ ನಮಗೆ ಬರುತ್ತಿದ್ದುದು ಹೊರದೇಶದ ಭಾಗಗಳನ್ನು ಇಲ್ಲಿ ಜೋಡಿಸಿದ ಗಾಡಿಗಳೇ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ ಮುಂಬಯಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ಕೇವಲ ಜೋಡಿಸುವುದು ಸಾಲದು, ಇಲ್ಲಿಯೇ ತಯಾರಿಸುವ ಯೋಜನೆ ಉಳ್ಳವರಿಗೆ ಮಾತ್ರ ಅವಕಾಶ ಎಂಬ ನೀತಿಯನ್ನು ಭಾರತ ಸರ್ಕಾರ ತಳೆಯಿತು. ಮರುವರ್ಷ ಜನರಲ್ ಮೋಟಾರ್ಸ್ ತನ್ನ ಕೆಲಸವನ್ನು ನಿಲ್ಲಿಸಿತು. ದೇಶದ ಕೈಗಾರಿಕೆಯ ದೃಷ್ಟಿಯಿಂದ ನೀತಿ ಒಳ್ಳೆಯದೇ. ಆದರೆ ಅದಾಗಲೇ ರಸ್ತೆಯಲ್ಲಿದ್ದ ಸಾವಿರಾರು ಅಮೆರಿಕನ್ ಗಾಡಿಗಳು ತವರಿಲ್ಲದ ಹೆಣ್ಣುಮಕ್ಕಳಂತಾದವು. ಒಂದು ಪಿಸ್ಟನ್ನಿಗಾಗಿ, ಒಂದು ಬೇರಿಂಗಿಗಾಗಿ ಬೆಂಗಳೂರು, ಮದರಾಸುಗಳ ಗುಜರಿ ಅಂಗಡಿಗಳನ್ನು ಅಲೆಯುವ ಕಾಲ ಬಂತು.

ಈ ಹೊತ್ತಿಗೆ ಇನ್ನೊಂದು ಎಂಜಿನ್ನು ಹಳ್ಳಿಯ ಕಿವಿಗೆ ಪರಿಚಿತವಾಗುತ್ತಿತ್ತು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನು ಅದು. ಪೆಟ್ರೋಲ್ ಎಂಜಿನ್ನು ಕಿಡಿ ಹೊತ್ತಿಸಿ ಉರಿಸುತ್ತದೆ. ಡೀಸೆಲ್ಲಿಗೆ ಕಿಡಿ ಬೇಡ. ಅದು ಗಾಳಿಯನ್ನು 16ರಿಂದ 22 ಪಟ್ಟಿನಷ್ಟು ಅಮುಕುತ್ತದೆ. ಅಮುಕಿದ ಗಾಳಿ ತಾನೇ ಕಾದು, ನಾಜಲ್ಲಿನಿಂದ ಚಿಮ್ಮಿದ ಎಣ್ಣೆಯನ್ನು ಹೊತ್ತಿಸುತ್ತದೆ. ಭತ್ತದ ಗಿರಣಿಗಳಲ್ಲಿ, ಆಮೇಲೆ ಬಾವಿಗಳ ಪಂಪುಗಳಲ್ಲಿ ಈ 'ಆಯಿಲ್ ಎಂಜಿನ್ನು' ಬಂದು ನಿಂತಿತು. ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಹುಟ್ಟಿತು. ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದಲ್ಲಿ ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಪ್ರಾರಂಭಿಸಿದ ಸಂಸ್ಥೆಯ ಎಂಜಿನ್ನುಗಳನ್ನು ಮದರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ತಯಾರಿಸತೊಡಗಿತು. ಈ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆಯ ಜೀನು, ಸಾರೋಟುಗಳ ಕೆಲಸದಿಂದ ಆರಂಭವಾದದ್ದು ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕುದುರೆಗೆ ಜೀನು ಹೊಲಿದವರೇ ಕಾಲಕ್ರಮದಲ್ಲಿ ಮೋಟಾರಿಗೆ ಎದೆಯನ್ನು ಎರಕಹೊಯ್ದರು.

ಪೆಟ್ರೋಲು ಅಗ್ಗವಾಗಿದ್ದಷ್ಟು ಕಾಲ ಭಾವನವರು ಎಂಜಿನ್ನಿನ ಗೊಡವೆಗೆ ಹೋಗಲಿಲ್ಲ. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಯಿತು. ಪೀಪಾಯಿಗೆ ಸುಮಾರು 3 ಡಾಲರು ಇದ್ದ ಕಚ್ಚಾ ಎಣ್ಣೆಯ ಬೆಲೆ 1974ರ ಜನವರಿಯ ವೇಳೆಗೆ 11 ಡಾಲರನ್ನು ಮೀರಿತು. ಸರ್ಕಾರವು ಪೆಟ್ರೋಲನ್ನು ಉಳ್ಳವರ ವಸ್ತುವೆಂದು ಭಾವಿಸಿ ಅದರ ಮೇಲೆ ಹೊರೆ ಹೊರಿಸಿತು. ಲಾರಿಗೂ ಪಂಪಿಗೂ ಬೇಕಾದ ಡೀಸೆಲ್ಲನ್ನು ಅಗ್ಗವಾಗಿ ಉಳಿಸಿತು. ಒಂದೇ ಬಂಕಿನಲ್ಲಿ ಒಂದು ಮಾರಿನ ಅಂತರದಲ್ಲಿ ನಿಂತಿದ್ದ ಎರಡು ಪಂಪುಗಳ ನಡುವಿನ ಬೆಲೆಯ ವ್ಯತ್ಯಾಸ ಎಷ್ಟೋ ಗಾಡಿಗಳ ಹಣೆಬರಹವನ್ನು ಬದಲಿಸಿತು. ಬಾಳೆಗೊನೆ ಮಾರಿ ಬಂದ ಹಣದಲ್ಲಿ ದೊಡ್ಡ ಪಾಲು ಪೆಟ್ರೋಲಿಗೇ ಹೋಗುತ್ತಿದ್ದಾಗ ಭಾವನವರ ಮುಂದೆ ಇದ್ದುದು ಎರಡೇ ದಾರಿ: ಗಾಡಿಯನ್ನು ಗುಜರಿಗೆ ಹಾಕುವುದು, ಇಲ್ಲವೇ ಎಂಜಿನ್ನನ್ನು ಬದಲಾಯಿಸುವುದು.

ಬದಲಾಯಿಸುವುದೆಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಇಡುವುದಷ್ಟೇ ಎಂದು ನಾನು ತಿಳಿದಿದ್ದೆ. ಗ್ಯಾರೇಜಿನ ಮೇಸ್ತ್ರಿ ನಕ್ಕು, "ಎಂಜಿನ್ ಇಳಿಸೋದು ಒಂದು ದಿನದ ಕೆಲಸ ಸ್ವಾಮಿ, ಅದಕ್ಕೆ ಜಾಗ ಮಾಡೋದು ಹದಿನೈದು ದಿನದ ಕೆಲಸ" ಎಂದರು. ಅದು ಅಕ್ಷರಶಃ ನಿಜವಾಯಿತು. ಎರಡು ದೇಶಗಳ, ಎರಡು ಕಾರ್ಖಾನೆಗಳ ಸಾಮಾನುಗಳು ಒಂದನ್ನೊಂದು ಕಚ್ಚಲು ಒಲ್ಲವು. ಗೇರ್‌ಬಾಕ್ಸು ಷೆವರ್ಲೆಯದೇ ಉಳಿಯಬೇಕು, ಎಂಜಿನ್ನು ಪರ್ಕಿನ್ಸಿನದು. ಇವೆರಡರ ನಡುವೆ ದಪ್ಪನೆಯ ಉಕ್ಕಿನ ತಟ್ಟೆಯೊಂದನ್ನು ಲೇತಿನಲ್ಲಿ ಕಡೆಸಿ, ಒಂದು ಬದಿಯಲ್ಲಿ ಅಮೆರಿಕದ ಬೋಲ್ಟಿನ ಅಳತೆ, ಇನ್ನೊಂದು ಬದಿಯಲ್ಲಿ ಇಂಗ್ಲೆಂಡಿನ ಅಳತೆಗೆ ರಂಧ್ರಗಳನ್ನು ಕೊರೆಯಬೇಕು. ಆ ರಂಧ್ರಗಳ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಗೆರೆಯಲ್ಲಿ ನಿಲ್ಲದೆ ಬೇರಿಂಗು ಸವೆದುಹೋಗುತ್ತದೆ. ಚಾಸಿಗೆ ಹೊಸ ಕಾಲುಗಳನ್ನು ಬೆಸೆದು, ಡೀಸೆಲ್ಲಿನ ಒದರಾಟವನ್ನು ತಾಳಲು ರಬ್ಬರಿನ ದಿಂಬುಗಳನ್ನು ಕೊಟ್ಟರು. ಮುಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಾಯಿತು. 6 ವೋಲ್ಟಿನ ಬ್ಯಾಟರಿಗೆ ಬಿಗಿಯಾದ ಈ ಎಂಜಿನ್ನನ್ನು ತಿರುಗಿಸುವ ತ್ರಾಣವಿಲ್ಲವೆಂದು 12 ವೋಲ್ಟು ಬಂತು. ಅದರ ಹಿಂದೆಯೇ ದೀಪ, ತಂತಿಗಳೆಲ್ಲ ಬದಲಾದವು.

ಒಂದು ಚಿಕ್ಕ ವಿಷಯವನ್ನು ಮಾತ್ರ ಯಾರೂ ಮೊದಲೇ ಎಣಿಸಿರಲಿಲ್ಲ. ಆ ಗಾಡಿಯ ಕನ್ನಡಿ ಒರೆಸುವ ವೈಪರು ಪೆಟ್ರೋಲ್ ಎಂಜಿನ್ನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತದಿಂದ ಆಡುತ್ತಿತ್ತು. ಡೀಸೆಲ್ಲಿನಲ್ಲಿ ಮೊದಲಿನಷ್ಟು ನಿರ್ವಾತ ಸಿಗದು. ಮೊದಲ ಮುಂಗಾರಿನಲ್ಲಿ ವಯನಾಡಿನ ಕಡೆಗೆ ಹೋದ ಭಾವನವರು ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಕನ್ನಡಿ ಒರೆಸುತ್ತ ಮನೆ ಸೇರಿದರು. ಬಯಲಿನಲ್ಲಿ ಗಾಡಿಯ ಓಟವೂ ತಗ್ಗಿತು. ಏಕೆಂದರೆ ಡೀಸೆಲ್ಲು ಪೆಟ್ರೋಲಿನಷ್ಟು ವೇಗವಾಗಿ ತಿರುಗುವುದಿಲ್ಲ. ಆದರೆ ಏರಿನಲ್ಲಿ ಅದರ ಎಳೆತ ಬೇರೆಯೇ ಆಗಿತ್ತು. ಒಂದು ಲೀಟರಿನಲ್ಲಿ ಮೊದಲಿಗಿಂತ ಹೆಚ್ಚು ದೂರ ಹೋಗುತ್ತಿತ್ತು, ಆ ಲೀಟರಿಗೆ ಕೊಡುವ ಹಣವೂ ಕಡಿಮೆ. ಗುಜರಿಗೆ ಹೋಗಬೇಕಾಗಿದ್ದ ಗಾಡಿ ಇನ್ನೂ ಇಪ್ಪತ್ತು ವರ್ಷ ದುಡಿಯಿತು. ಅಕ್ಕನ ಮಕ್ಕಳು ಓದಿದ್ದು ಆ ದುಡಿಮೆಯಿಂದ.

ಈಗ ಹುಡುಗನ ವಾದಕ್ಕೆ ಬರುತ್ತೇನೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದು ವಿಶೇಷ ನೋಂದಣಿಯ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ ಗಾಡಿಗೆ ಆ ಗೌರವ ಸಲ್ಲುತ್ತದೆ. ಆದರೆ ಅದು ತನ್ನ ಮೂಲ ರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಂದರೆ ಯಾವನೋ ಸಿರಿವಂತನ ಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದ ಗಾಡಿ ಪುರಾತನವೆನಿಸುತ್ತದೆ. ದುಡಿದು ಬದುಕಿದ ಗಾಡಿ ಎನಿಸುವುದಿಲ್ಲ. ನಿಯಮ ಮಾಡಿದವರಿಗೂ ಕಾರಣವಿದೆ. ಧರ್ಮಸ್ಥಳದ ವಾಹನ ಸಂಗ್ರಹದಂಥ ಕಡೆ, ಆ ಕಾಲದ ಯಂತ್ರ ಹೇಗಿತ್ತೆಂದು ನಮ್ಮ ಮಕ್ಕಳಿಗೆ ತೋರಿಸಬೇಕಾದರೆ ಮೂಲ ರೂಪ ಉಳಿದಿರಲೇಬೇಕು. ಮನಸ್ಸಿಗೆ ಬಂದಂತೆ ಮಾರ್ಪಡಿಸಿದ ಗಾಡಿಗಳಿಂದ ರಸ್ತೆಯಲ್ಲಿ ಅಪಾಯವೂ ಉಂಟು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದ್ದು ಈ ದೃಷ್ಟಿಯಿಂದಲೇ. ಡೀಸೆಲ್ಲಿನ ಕರಿಹೊಗೆ ಬಂಡೀಪುರದಂಥ ಕಾಡಿಗೆ ಹಿತವಲ್ಲ ಎಂಬುದನ್ನೂ ನಾನು ಒಪ್ಪುತ್ತೇನೆ.

ಆದರೂ ಹುಡುಗನನ್ನು ಒಂದು ಮಾತು ಕೇಳಿದೆ. ಈ ಗಾಡಿಯ ಹಳೆಯ ಎಂಜಿನ್ನು 1975ರಲ್ಲಿಯೇ ತೂಕದ ಲೆಕ್ಕದಲ್ಲಿ ಮಾರಿಹೋಯಿತು. ಈಗ ನೀನು ಎಲ್ಲಿಂದಲೋ ತರುವುದು ಅದೇ ಜಾತಿಯ ಇನ್ನೊಂದು ಗಾಡಿಯ ಎಂಜಿನ್ನು. ಅದು ಇದರ ಸ್ವಂತದ್ದು ಹೇಗಾಗುತ್ತದೆ? ಈ ಪಿಕಪ್ಪಿನೊಡನೆ ಸುಮಾರು ಐವತ್ತು ವರ್ಷ ಸಂಸಾರ ಮಾಡಿದ್ದು ಪರ್ಕಿನ್ಸ್. ಮೊದಲನೆಯದು ಜೊತೆಗಿದ್ದದ್ದು ಇಪ್ಪತ್ತನಾಲ್ಕೇ ವರ್ಷ.

ನಮ್ಮ ಪರಂಪರೆಯಲ್ಲಿ ಜೀರ್ಣೋದ್ಧಾರವೆಂಬ ಮಾತಿದೆ. ಹಳೆಯ ಗುಡಿ ಶಿಥಿಲವಾದರೆ ಕಂಬ ಬದಲಾಯಿಸಿ, ಗೋಡೆ ಎತ್ತಿ, ಬದಲಾಯಿಸಿದವನು ಯಾರು, ಯಾವ ವರ್ಷ ಎಂಬುದನ್ನು ಕಲ್ಲಿನಲ್ಲಿ ಬರೆಸುವುದು ರೂಢಿ. ಬದಲಾವಣೆಯನ್ನು ಮರೆಮಾಚುವುದಿಲ್ಲ, ಅದಕ್ಕಾಗಿ ನಾಚುವುದೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದ ರಥ 2017ರಲ್ಲಿ ಬೆಂಕಿಗೆ ತುತ್ತಾಯಿತು. ಐದು ವರ್ಷ ರಥೋತ್ಸವವಿಲ್ಲದೆ ಊರು ಕಾದಿತ್ತು. 2022ರ ಆಷಾಢದಲ್ಲಿ ಹೊಸ ರಥ ಹೊರಟಾಗ, ನವದಂಪತಿಗಳು ಮೊದಲಿನಂತೆಯೇ ಬಂದು ಹಣ್ಣು ಜವನ ಎಸೆದರು. ಇದು ಹಳೆಯ ರಥವಲ್ಲವೆಂದು ಯಾರೂ ಹಿಂದಿರುಗಲಿಲ್ಲ.

ನಮ್ಮ ಗಾಡಿಗೂ ಒಂದು ಶಾಸನವಿದೆ. 1939ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮಾರ್ಪಾಡನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕಾಗಿತ್ತು. ಗುಂಡ್ಲುಪೇಟೆ 1997ರವರೆಗೂ ಮೈಸೂರು ಜಿಲ್ಲೆಗೆ ಸೇರಿತ್ತಾದ್ದರಿಂದ ಭಾವನವರು ಮೈಸೂರಿಗೆ ಹೋಗಿಬಂದರು. ಅವರ ಆರ್.ಸಿ. ಪುಸ್ತಕದಲ್ಲಿ 'ಪೆಟ್ರೋಲ್' ಎಂಬ ಮಾತನ್ನು ಗೀಟು ಹಾಕಿ ಹೊಡೆದು, ಮೇಲೆ 'ಡೀಸೆಲ್' ಎಂದು ಶಾಯಿಯಲ್ಲಿ ಬರೆದು, ಹೊಸ ಎಂಜಿನ್ನಿನ ಸಂಖ್ಯೆಯ ಪಕ್ಕದಲ್ಲಿ ರುಜು, ಮೊಹರು, ತಾರೀಖುಗಳಿವೆ. ಹೊಡೆದುಹಾಕಿದ ಮಾತೂ ಓದಲು ಬರುತ್ತದೆ. ಎಣ್ಣೆಯ ಬಿಕ್ಕಟ್ಟು ನಮ್ಮ ತಾಲ್ಲೂಕಿನ ಒಂದು ಮನೆಯನ್ನು ಹೇಗೆ ತಟ್ಟಿತು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆಯನ್ನು ನಾನು ಕಂಡಿಲ್ಲ. ಪೆಟ್ರೋಲ್ ಎಂಜಿನ್ನನ್ನು ಮರಳಿ ಕೂರಿಸಿದರೆ ಗಾಡಿ ಪುರಾತನವಾದೀತು, ಆದರೆ ಈ ಸಾಲು ಸುಳ್ಳಾಗುತ್ತದೆ.

ಹುಡುಗ ಆ ಪುಟವನ್ನು ಬಹಳ ಹೊತ್ತು ನೋಡಿದ. "ಆಗಲಿ ತಾತ, ಇದೇ ಇರಲಿ. ಆದರೆ ಆ ವಿಶೇಷ ನಂಬರು ಪ್ಲೇಟು ಸಿಗೋದಿಲ್ಲ" ಎಂದ. ಸಿಗುವುದಿಲ್ಲ, ನಿಜ. ಮೈಯ ತುಕ್ಕು ಕೆರೆಸಿ, ತೊಟ್ಟಿಗೆ ಹೊಸ ಹಲಗೆ ಹಾಸಿದ್ದಾಯಿತು. ಎಂಜಿನ್ನಿಗೆ ಹೊಸ ಲೈನರು, ಪಿಸ್ಟನ್ನುಗಳು ಬಂದಿವೆ. ನಾಜಲ್ಲುಗಳನ್ನು ಪರೀಕ್ಷಿಸಿ ಕೂರಿಸಿದ್ದಾರೆ, ಹೊಗೆ ತಗ್ಗಿದೆ. ಲೇತಿನಲ್ಲಿ ಕಡೆದ ಆ ಉಕ್ಕಿನ ತಟ್ಟೆಯನ್ನು ಬಿಚ್ಚಿ ತೊಳೆದಾಗ ಅದರ ಅಂಚಿನಲ್ಲಿ ಉಳಿಯಿಂದ ಕೊರೆದ ಗುರುತುಗಳು ಕಂಡವು: ಯಾವ ರಂಧ್ರ ಯಾವ ಕಡೆಗೆ ಎಂದು ಮೇಸ್ತ್ರಿ ತಮ್ಮ ಅನುಕೂಲಕ್ಕೆ ಹಾಕಿಕೊಂಡಿದ್ದ ಗೀಟುಗಳು. ಅವುಗಳನ್ನು ಉಜ್ಜಿಹಾಕಬೇಡವೆಂದು ಹುಡುಗನೇ ಹೇಳಿದ. ತಟ್ಟೆಯನ್ನು ಹಾಗೆಯೇ ಮತ್ತೆ ಅದರ ಜಾಗದಲ್ಲಿ ಬಿಗಿದರು.